ಬಿಲ್ ಬ್ಯಾಡ, ಆಟ ಕೊಡ್ರಿ

ನೀರಿನ ಫಿಲ್ಟರ್ ರಿಪೇರಿ ನನ್ನ ಕೆಲಸ. ಅವತ್ತು ಕಲಬುರಗಿ ಅಂಗಡಿಯಿಂದ ಕಮಲಾಪುರದ ಒಬ್ಬ ಟೀಚರ್ ಮನಿಗೆ ಹೋಗಿದ್ದೆ. ರಿಪೇರಿ ಆದಮ್ಯಾಲ ಟ್ಯಾಂಕ್ ತುಂಬೋತನಕ ಕಾಯಲೇಬೇಕು. ಕುಂತಲ್ಲೇ ಫೋನಿನಾಗ ಕಾರ್ ರೇಸಿನ ಆಟ ಒಂದು ಕೊಳ್ಳಾಕ ಹೋದೆ. ರೊಕ್ಕ ಕಟ್ಟೋ ಹೊತ್ತಿಗೆ ಕೆಳಗೊಂದು ಸಾಲು ಬಂತು, ಜಿಎಸ್‌ಟಿ ಬೇರೆ ಅಂತ.

ನಾ ಬಿಡ್ತೀನಾ? ಸಹಾಯದ ಚಾಟ್ ತೆಗೆದು, ನಮ್ಮೂರ ಶಹಾಬಜಾರದ ಅಂಗಡ್ಯಾಗ ಕೇಳೋ ಹಂಗೇ ಕೇಳಿದೆ: "ಬಿಲ್ ಬ್ಯಾಡ್ರಿ, ಟ್ಯಾಕ್ಸ್ ಬಿಟ್ಟು ಕೊಡ್ರಿ."

ಚಾಟಿನಾಗಿನ ಮಷೀನು ಭಾಳ ಮರ್ಯಾದಿಲೆ ಉತ್ತರ ಕೊಡ್ತು: "ಕ್ಷಮಿಸಿ, ತೆರಿಗೆ ಬಿಡಲು ಆಗುವುದಿಲ್ಲ. ರಸೀದಿ ನಿಮ್ಮ ಇಮೇಲ್‌ಗೆ ಬರುತ್ತದೆ."

"ರಸೀದಿ ಯಾರ್ ಕೇಳ್ಯಾರ?" ಅಂತ ಜೋರಾಗೇ ಅಂದುಬಿಟ್ಟೆ.

ಟೀಚರು ಅಡಗಿಮನಿಯಿಂದ ಹೊರಗ ಬಂದರು. "ಯಾರ ಜೋಡಿ ಜಗಳ್ರೀ?"

"ಮಷೀನ್ ಜೋಡಿರೀ ಮೇಡಂ. ಡಬ್ಬಿ ಇಲ್ಲ, ಚೀಲ ಇಲ್ಲ, ಕೈಗೆ ಸಿಗದ ಆಟಕ್ಕ ಟ್ಯಾಕ್ಸ್ ಅಂತ! ಬಿಲ್ ಬ್ಯಾಡಂದ್ರೂ ಕೇಳವಲ್ದು."

ಅವರು ನಕ್ಕು, ಎರಡು ಕೆಂಪು ಬಾಳಿಹಣ್ಣು ನನ್ನ ಮುಂದ ಇಟ್ಟು ಒಳಗ ಹೋದರು.

ಟ್ಯಾಂಕ್ ತುಂಬಿತು. ದಿನಾ ಎಲ್ಲಾರಿಗೂ ಹೇಳೋ ಮಾತು ತಾನಾಗೇ ಬಾಯಿಗೆ ಬಂತು: "ಬಿಲ್ ಬ್ಯಾಡಂದ್ರ ಟ್ಯಾಕ್ಸ್ ಬಿಡ್ತೀನ್ರೀ ಮೇಡಂ."

"ಬಿಲ್ ಬೇಕ್ರೀ," ಅಂದರು ಟೀಚರು. "ಟ್ಯಾಕ್ಸ್ ಹಚ್ಚೇ ಬರೀರಿ."

ಬಿಲ್ ಬುಕ್ಕು ಚೀಲದ ತಳದಾಗ, ನಟ್ಟು ಬಿಚ್ಚೋ ಪಾನಾ, ಪೈಪಿನ ಕೆಳಗ ಬಿದ್ದಿತ್ತು. ಧೂಳ ಝಾಡಿಸಿ ಅದರ ಮೊದಲನೇ ಹಾಳಿ ಹರಿದು ಕೊಟ್ಟೆ.

ಆಟ ಮಾತ್ರ ಇನ್ನೂ ಕೊಂಡಿಲ್ಲ. ಫೋನಿನ ಕಾರ್ಟಿನಾಗ ಹಂಗೇ ಕುಂತದ. ಟೀಚರ್ ಮುಂದ ಸೋತಿರಬಹುದು, ಮಷೀನ್ ಮುಂದ ನಾ ಸೋಲಂಗಿಲ್ಲ.