ಹುಟ್ಟುಗೂದಲು

ಮಗಳಿಗೆ ನಾಲ್ಕು ತಿಂಗಳಾಗಿದ್ದಾಗ ಹೊಟ್ಟೆ ಉಬ್ಬಿತು, ಮೈಮೇಲೆ ಅಲ್ಲಲ್ಲಿ ನೀಲಿ ಗಂಟುಗಳೆದ್ದವು. ಮಳವಳ್ಳಿಯ ಡಾಕ್ಟರು ಮೈಸೂರಿನ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅಲ್ಲಿನ ಡಾಕ್ಟರಮ್ಮ, "ನ್ಯೂರೋಬ್ಲಾಸ್ಟೋಮಾ ಅಂತ. ಕಿಡ್ನಿಯ ಮೇಲೆ ಶುರುವಾದ ಕ್ಯಾನ್ಸರ್. ಲಿವರಿಗೂ ಚರ್ಮಕ್ಕೂ ಹರಡಿದೆ" ಎಂದರು. ಅಷ್ಟು ಕೇಳಿದ್ದೇ ನಮ್ಮ ಯಜಮಾನರು ಎದ್ದು ಆಚೆ ಹೋಗಿ ಊರಿಗೆ ಫೋನ್ ಮಾಡಿದರು. ಯಾವ ಮಾತನ್ನೂ ಪೂರ್ತಿ ಕೇಳುವ ತಾಳ್ಮೆ ಅವರಿಗೆ ಎಂದೂ ಇಲ್ಲ.

ಉಳಿದದ್ದನ್ನು ಕೇಳಿಸಿಕೊಂಡವಳು ನಾನೊಬ್ಬಳೇ. ದೊಡ್ಡ ಮಕ್ಕಳಲ್ಲಿ ಹರಡಿದರೆ ಕಷ್ಟವಂತೆ. ಇಷ್ಟು ಎಳೆಯ ಕೂಸಿನಲ್ಲಿ ಎಲ್ಲಿಗೆ ಹರಡಿದೆ ಎಂಬುದನ್ನು ನೋಡಬೇಕಂತೆ. ಮೂಳೆಗೆ ಹೋಗಿರಲಿಲ್ಲ. ಗಡ್ಡೆಯ ಜೀನ್ ಪರೀಕ್ಷೆಯಲ್ಲೂ ಕೆಟ್ಟದ್ದೇನೂ ಕಂಡಿರಲಿಲ್ಲ. ಇಂಥವು ಎಷ್ಟೋ ಸಲ ತಾವಾಗಿಯೇ ಕರಗುತ್ತವೆ, ಉಸಿರಾಟಕ್ಕೆ ತೊಂದರೆಯಾದರೆ ಔಷಧಿ ಶುರು ಮಾಡೋಣ, ಅಲ್ಲಿಯವರೆಗೆ ಕಾಯೋಣ ಎಂದರು. "ಖಾತ್ರಿ ಅಂತ ಹೇಳಲ್ಲ. ಆದರೆ ಕೈಬಿಡುವ ಕೇಸಂತೂ ಅಲ್ಲ."

ಊರಿಗೆ ಬಂದರೆ ಜಗಲಿ ತುಂಬ ನೆಂಟರು. ಬ್ರೆಡ್ಡು ತಂದವರು, ಕಣ್ಣೊರೆಸಿಕೊಳ್ಳುವವರು. ಅತ್ತೆ ಮಾತ್ರ ಅಳದೆ, ಮರುದಿನ ಮುತ್ತತ್ತಿಗೆ ಹೋಗಲು ಕಾರು ಗೊತ್ತು ಮಾಡಿದ್ದರು. ನಮ್ಮ ಮನೆಯ ಮಕ್ಕಳ ಹುಟ್ಟುಗೂದಲನ್ನು ಮೂರನೇ ವರ್ಷದಲ್ಲಿ ಅಲ್ಲಿನ ಆಂಜನೇಯನಿಗೆ ಒಪ್ಪಿಸುವ ಹರಕೆ.

"ಈಗ್ಲೇ ಯಾಕತ್ತೆ ಮುಡಿ?"

"ಅರಕೆ ಉಳಿಸ್ಕಂಡು ಮಗೀನ ಕಳಿಸ್ಬಾರ್ದು ಕಣಮ್ಮ."

ನನಗೆ ಮೈಯೆಲ್ಲ ಉರಿದುಹೋಯಿತು. "ಎಲ್ಲಿಗೂ ಕಳ್ಸಾಕಿಲ್ಲ. ಮೂರ್ನೇ ವರ್ಸಕ್ಕೇ ಮುಡಿ. ಕಾರು ಬ್ಯಾಡ ಅನ್ನಿ" ಎಂದೆ. ನಾನು ಪ್ರೈಮರಿ ಶಾಲೆಯ ಮೇಡಂ, ಗಂಟಲು ದೊಡ್ಡದು. ಹೇಳಿದ್ದೇನೋ ಹೇಳಿಬಿಟ್ಟೆ, ಒಳಗೆ ಹೋಗಿ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಆ ಗಂಟುಗಳನ್ನು ಮತ್ತೊಮ್ಮೆ ಎಣಿಸಿದೆ.

ಅತ್ತೆ ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಆದರೂ ಮಗುವಿಗೆ ಎಣ್ಣೆ ಹಚ್ಚುವುದನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಹೊಟ್ಟೆ ತಿಕ್ಕಬಾರದೆಂದು ಡಾಕ್ಟರಮ್ಮ ಹೇಳಿದ್ದರಿಂದ ಕೈಕಾಲು, ಬೆನ್ನಿಗೆ ಮಾತ್ರ ಹಚ್ಚುತ್ತ, ಬೆರಳಿನಲ್ಲೇ ಗಂಟುಗಳನ್ನು ಹುಡುಕುತ್ತಿದ್ದರು. ಲಿವರ್ ಮೊದಲು ಇನ್ನಷ್ಟು ಊದಿತು, ಆಮೇಲೆ ನಿಂತಿತು, ಎಷ್ಟೋ ಸ್ಕ್ಯಾನಿಂಗಿನ ನಂತರ ಇಳಿಯಿತು. ಗಂಟುಗಳು ಒಂದೊಂದಾಗಿ ಹೋದವು.

ಮೂರನೇ ವರ್ಷ ಮುತ್ತತ್ತಿಯಲ್ಲಿ ನನ್ನ ಅಣ್ಣನ ತೊಡೆಯ ಮೇಲೆ ಕೂರಿಸಿ ಮುಡಿ ತೆಗೆಸಿದೆವು. ಕ್ಷೌರದವರಿಗೆ ಮಗಳಿಂದ ಎರಡು ಒದೆ ಬಿತ್ತು. ಅತ್ತೆ ಆ ಬೋಳುತಲೆಯನ್ನು ಕಿವಿಯ ಹಿಂದಿನವರೆಗೂ ತಡವಿ ನೋಡಿದರು, ಇನ್ನೊಮ್ಮೆ ತಡವಿದರು. ಏನೂ ಸಿಗಲಿಲ್ಲ. ಅಂದು ಜಗಲಿಯಲ್ಲಿ ಅಳದಿದ್ದವರು ಹೊಳೆಯ ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತರು. ಅಳುತ್ತಲೇ ಗುಡಿಯ ಕಡೆ ತಿರುಗಿ ಹೇಳಿದರು:

"ಕೂದ್ಲು ಮಾತ್ರ ಕಣಪ್ಪ ನಿಂಗೆ."