ಗೀಟು ಎಳೆಯದೆ ಬಿಟ್ಟ ಪುಟ

ಬರೆದದ್ದು ಮುಗಿದ ಮೇಲೆ ಪುಟದಲ್ಲಿ ಖಾಲಿ ಜಾಗ ಉಳಿದರೆ ಅಡ್ಡಲಾಗಿ ಒಂದು ಗೀಟು ಎಳೆದುಬಿಡಬೇಕು. ದೊಡ್ಡೇರಿ ಹೋಬಳಿಯ ಒಂದು ಹಳ್ಳಿಯ ಹೆಂಗಸರ ಸಂಘಕ್ಕೆ ನಾನು ಕಲಿಸಿದ ಮೊದಲ ಪಾಠ ಇದು. ಯಾಕೆ ಅಂತ ಕೇಳಿದರು. ‘ಎಳೆಯದಿದ್ದರೆ ನಿಮ್ಮ ಸಹಿ ಇರೋ ಹಾಳೆ ಮೇಲೆ ಯಾರು ಬೇಕಾದರೂ ಏನು ಬೇಕಾದರೂ ಬರಕೋಬಹುದು’ ಅಂದೆ. ನಮ್ಮ ಲಾಯರಮ್ಮ ಭಾರೀ ಚುರುಕು ಅಂತ ಹೊಗಳಿದರು. ನಾನು ಪೂರಿಯಂತೆ ಉಬ್ಬಿದೆ. ಈಗ ಅದನ್ನು ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ನಾನು ಮಧುಗಿರಿ ಕೋರ್ಟಿನಲ್ಲಿ ವಕೀಲೆ. ತವರು ಸಿರಾ ತಾಲ್ಲೂಕು, ಒಕ್ಕಲುತನದ ಮನೆ. ಕಾನೂನು ಓದಿ ಕಪ್ಪು ಕೋಟು ಹೊಲಿಸಿಕೊಂಡು ಬಂದಾಗ ಮೂರು ಆಫೀಸುಗಳಲ್ಲಿ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದರು. ನಾಲ್ಕನೆಯದು ಸರ್ ಅವರ ಆಫೀಸು. ಸರ್ ಅಂದರೆ ನನ್ನ ಸೀನಿಯರ್. ಕುರ್ಚಿ ತೋರಿಸಿ, ‘ಜಗಳ ಆಡೋಕೆ ಬರುತ್ತೇನಮ್ಮಾ?’ ಅಂದರು. ‘ಚೆನ್ನಾಗಿ ಬರುತ್ತೆ ಸರ್’ ಅಂದೆ. ‘ಹಾಗಾದ್ರೆ ಉಳಿದಿದ್ದನ್ನ ನಾನು ಕಲಿಸ್ತೀನಿ’ ಅಂತ ನಕ್ಕರು. ಹದಿನಾಲ್ಕು ವರ್ಷ ಅವರ ಕೈಕೆಳಗೆ ಇದ್ದೆ. ಅಪ್ಪ ತೀರಿಹೋದಾಗ ನಮ್ಮೂರಿಗೆ ಮೊದಲು ಬಂದು ನಿಂತವರು ಅವರು. ಹಬ್ಬ ಬಂದರೆ ಅವರ ಮನೆಯಾಕೆ ನನ್ನನ್ನೂ ಲೆಕ್ಕಕ್ಕೆ ಹಿಡಿದೇ ಹೋಳಿಗೆ ತಟ್ಟುತ್ತಿದ್ದರು. ಸುಳ್ಳೇಕೆ ಹೇಳಲಿ, ಆ ಮನುಷ್ಯನನ್ನು ನಾನು ಹೆತ್ತಪ್ಪನಿಗಿಂತ ಒಂದು ಗುಂಜಿ ಹೆಚ್ಚೇ ನಂಬಿದ್ದೆ.

ಕೋರ್ಟಿಗೆ ರಜೆ ಇರುವ ಎರಡನೇ ಶನಿವಾರ ಹಳ್ಳಿಯ ಸಂಘಗಳಿಗೆ ಬಿಟ್ಟಿಯಾಗಿ ಕಾನೂನು ಕೆಲಸ ಮಾಡಿಕೊಡೋಣ ಎಂದು ಹೇಳಿದವರೂ ಅವರೇ. ನಾವು ನಾಲ್ವರು ವಕೀಲರು ಸೇರಿದೆವು. ಒಂದು ತಿಂಗಳು ಮಧುಗಿರಿ, ಒಂದು ತಿಂಗಳು ಕೊರಟಗೆರೆ, ಒಂದು ತಿಂಗಳು ಸಿರಾ, ಮತ್ತೊಂದು ತಿಂಗಳು ಪಾವಗಡ. ಬೈಲಾ ಬರೆದುಕೊಡುವುದು, ನೋಂದಣಿ ಮಾಡಿಸುವುದು, ಸಭೆಯ ನಡಾವಳಿ ಹೇಗೆ ಬರೆಯಬೇಕು ಅಂತ ಹೇಳಿಕೊಡುವುದು. ಒಳ್ಳೇ ಕೆಲಸಕ್ಕೆ ಹೊರಟ ಜನ ಕಾಗದದ ತಪ್ಪಿಗೆ ಮುಳುಗಬಾರದು ಅನ್ನುತ್ತಿದ್ದರು ಸರ್. ಆ ಮಾತಿಗೆ ನಾನು ಮರುಳಾಗಿದ್ದೆ. ಬಿಸಿಲಲ್ಲಿ ಬಸ್ಸು ಹತ್ತಿ ಇಳಿದು ಸುಸ್ತಾಗಿ ಬಂದರೂ ಆ ಶನಿವಾರ ರಾತ್ರಿ ಮಾತ್ರ ನನಗೆ ಒಳ್ಳೆಯ ನಿದ್ದೆ ಬರುತ್ತಿತ್ತು.

ದೊಡ್ಡೇರಿ ಕಡೆಯ ಆ ಸಂಘ ನನ್ನ ಪಾಲಿಗೆ ಬಂದದ್ದು. ಇಪ್ಪತ್ತೊಂದು ಹೆಂಗಸರು. ಅಧ್ಯಕ್ಷೆ ಒಬ್ಬ ಅಜ್ಜಿ, ಮಕ್ಕಳಿಲ್ಲ, ಗಂಡ ಇಲ್ಲ, ಬಾಯಿ ಮಾತ್ರ ಊರಿಗೆಲ್ಲ ಆಗುವಷ್ಟು. ಆಕೆ ತನ್ನ ಮನೆಯನ್ನೂ ಪಕ್ಕದ ಖಾಲಿ ಸೈಟನ್ನೂ ಸಂಘಕ್ಕೆ ದಾನ ಬರೆದುಕೊಟ್ಟಿದ್ದಳು. ಆ ಪತ್ರ ಬರೆದವಳು ನಾನೇ. ‘ಇರೋವರ್ಗೂ ಹಿಂದ್ಲ ಕೋಣೆ ನಂದು, ಅದನ್ನೊಂದು ಸೇರ್ಸವ್ವ’ ಅಂದಿದ್ದಳು, ಸೇರಿಸಿದ್ದೆ. ಮುಂದಿನ ಪಡಸಾಲೆಯಲ್ಲಿ ಕೂಲಿಗೆ ಹೋಗುವ ತಾಯಂದಿರು ಮಕ್ಕಳನ್ನು ಬಿಟ್ಟು ಹೋಗುತ್ತಿದ್ದರು. ಬೇಸಿಗೆ ಬಂತೆಂದರೆ ಅಲ್ಲೇ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಕೆಲಸ. ಮನೆಗೆ ಕಾಲಿಟ್ಟರೆ ಹುಳಿ ಮೂಗಿಗೆ ಅಡರುತ್ತಿತ್ತು, ಮಕ್ಕಳು ಹುಣಸೆಬೀಜ ಹಂಚಿಕೊಂಡು ಆಡುತ್ತಿದ್ದವು.

ಸಭೆ ಅಂದರೆ ಅಲ್ಲಿ ಒಂದು ಪದ್ಧತಿ. ಮೊದಲು ಸೈನು, ಆಮೇಲೆ ಮಾತು. ಅಕ್ಕಪಕ್ಕದ ಹಟ್ಟಿಗಳಿಂದ ಬಂದ ಹೆಂಗಸರು ನಾಲ್ಕು ಗಂಟೆಯ ಬಸ್ಸಿಗೆ ಓಡಬೇಕು. ಫ್ರೀ ಬಸ್ಸು, ಅದು ತಪ್ಪಿದರೆ ಇನ್ನೊಂದು ಕತ್ತಲಾದ ಮೇಲೆಯೇ. ಹಾಗಾಗಿ ಬಂದ ಕೂಡಲೇ ನಡಾವಳಿ ಪುಸ್ತಕದ ಪುಟದ ಕೆಳಭಾಗದಲ್ಲಿ ಸಾಲಾಗಿ ಸಹಿ ಹಾಕಿ, ಹೆಬ್ಬೆಟ್ಟು ಒತ್ತಿ ಕೂರುತ್ತಿದ್ದರು. ಮಾತೆಲ್ಲ ಮುಗಿದ ಮೇಲೆ ನಾನು ಮೇಲುಗಡೆ ಬರೆಯುತ್ತಿದ್ದೆ. ಇದು ತಪ್ಪು ಅಂತ ಗೊತ್ತಿತ್ತು. ಒಂದೆರಡು ಸಲ ಬೈದೆ. ‘ನೀನೇನು ಕಳ್ಳೀನಾ? ನೀನು ಬರೀತೀಯ ಅಂದ್ಮ್ಯಾಕೆ ನಮಗ್ಯಾಕವ್ವ ಅನುಮಾನ’ ಅಂತ ಅಜ್ಜಿ ನನ್ನ ಬಾಯಿ ಮುಚ್ಚಿಸಿದಳು. ಆ ಮಾತು ಕೇಳುವುದಕ್ಕೆ ಹಿತವಾಗಿತ್ತು, ಸುಮ್ಮನಾದೆ.

ಆ ವರ್ಷದ ವಾರ್ಷಿಕ ಸಭೆಗೆ ವಿಷಯ ಜಾಸ್ತಿ ಇತ್ತು. ಎರಡು ಪುಟ ಬೇಕಾಗಬಹುದು ಅಂದುಕೊಂಡು ಎರಡು ಪುಟಕ್ಕೂ ಸಹಿ ಹಾಕಿಸಿದೆ. ಎರಡರ ಕೆಳಗೂ ‘ನನ್ನ ಸಮಕ್ಷಮ’ ಅಂತ ಬರೆದು ನನ್ನ ಸಹಿಯನ್ನೂ ಹಾಕಿದೆ. ಬರೆದು ನೋಡಿದರೆ ಎಲ್ಲ ಒಂದೇ ಪುಟದಲ್ಲಿ ಮುಗಿಯಿತು. ಅಷ್ಟರಲ್ಲಿ ಯಾರೋ ಮುದ್ದೆ ತಂದಿಟ್ಟರು, ಅವರೆಕಾಳು ಸಾರು, ಆಮೇಲೆ ನನ್ನ ಬಸ್ಸು. ಎರಡನೇ ಪುಟಕ್ಕೆ ಗೀಟು ಎಳೆಯುವುದು ಮರೆತೇಹೋಯಿತು.

ಸೋಮವಾರ ಆಫೀಸಿನಲ್ಲಿ ನೆನಪಾಯಿತು. ನೋಂದಣಿ ನವೀಕರಣಕ್ಕೆಂದು ಪುಸ್ತಕವನ್ನು ಸರ್ ಅವರ ಕೈಗೆ ಕೊಡುವಾಗ ನಾನೇ ನಗುತ್ತಾ ಹೇಳಿದೆ: ‘ಸರ್, ಒಂದು ಪುಟ ಹಾಗೇ ಖಾಲಿ ಉಳಿದುಬಿಟ್ಟಿದೆ, ಗೀಟು ಹಾಕಬೇಕು.’

‘ಊಟದ ಹೊತ್ತಾಯ್ತು, ನೀನು ಹೋಗಮ್ಮ. ನಾನು ಹಾಕ್ತೀನಿ’ ಅಂದರು. ಪುಸ್ತಕವನ್ನು ಬೀರುವಿನಲ್ಲಿಟ್ಟರು. ನಾನು ಟಿಫಿನ್ ಡಬ್ಬಿ ಬಿಚ್ಚಿ ನಿಶ್ಚಿಂತೆಯಿಂದ ಚಿತ್ರಾನ್ನ ತಿಂದೆ.

ಕೆಲವು ತಿಂಗಳ ನಂತರ ಒಂದು ಸೋಮವಾರ ಕೋರ್ಟ್ ಹಾಲಿನ ಹೊರಗೆ ನಿಂತಿದ್ದಾಗ ಅಜ್ಜಿಯ ಫೋನು. ಆಕೆಗೆ ಫೋನು ಅಂದರೆ ಕೂಗುವುದು. ‘ಲಾಯರಮ್ಮೋ, ಯಾರೋ ಬಂದು ನಮ್ಮನೆಗೆ ಬೋಡು ತಗುಲಾಕ್ತಾವ್ರೆ. ಯಾವ್ದೋ ಟ್ರಸ್ಟು ಅಂತೆ. ಮುಂದ್ಲ ಬಾಗ್ಲಿಗೆ ಬೀಗ ಜಡುದ್ಬುಟ್ರು. ಮಕ್ಳು ಬೀದೀಲಿ ನಿಂತವೆ ಕಣವ್ವ. ನಿಮ್ಮ ಲಾಯರೇ ಬರ್ಕೊಟ್ಟವ್ರೆ ಅಂತಾರೆ, ಇದೆಂಗೆ?’

ನಾನು ಆಫೀಸಿಗೆ ಓಡಿದೆ. ಸರ್ ಕನ್ನಡಕ ಒರೆಸುತ್ತಾ ಕೂತಿದ್ದರು. ‘ಬಾಮ್ಮ, ನಾನೇ ಹೇಳೋಣ ಅಂತಿದ್ದೆ’ ಎಂದು ನಡಾವಳಿ ಪುಸ್ತಕ ತೆರೆದು ಮುಂದಿಟ್ಟರು.

ಅದೇ ಪುಟ. ಅಧ್ಯಕ್ಷೆಗೆ ವಯಸ್ಸಾಗಿರುವುದರಿಂದ ಸಂಘದ ಮನೆ ಮತ್ತು ಸೈಟನ್ನು ಮೂವತ್ತು ವರ್ಷದ ಗುತ್ತಿಗೆಗೆ ಕೊಡಲು ಒಪ್ಪಲಾಗಿದೆ, ಸಂಘದ ಪರವಾಗಿ ಸಹಿ ಹಾಕುವ ಅಧಿಕಾರವನ್ನು ಕಾನೂನು ಸಲಹೆಗಾರರಿಗೆ ಕೊಡಲಾಗಿದೆ. ಸಲಹೆಗಾರರು ಅಂದರೆ ಸರ್. ಗುತ್ತಿಗೆ ಹಿಡಿದ ಟ್ರಸ್ಟಿನ ಮುಖ್ಯಸ್ಥ ಅಂದರೆ ಅವರ ಭಾವಮೈದ. ಬರವಣಿಗೆ ನಮ್ಮ ಗುಮಾಸ್ತರದು, ಮುತ್ತು ಪೋಣಿಸಿದ ಹಾಗೆ. ಆದರೆ ಮೇಲಿನ ಸಾಲುಗಳು ಕಾಲು ಚಾಚಿ ಕೂತಿದ್ದವು, ಕೆಳಗೆ ಬರುತ್ತಾ ಬರುತ್ತಾ ಫ್ರೀ ಬಸ್ಸಿನ ಜನರ ಹಾಗೆ ಒಂದರ ಮೇಲೊಂದು ಬಿದ್ದಿದ್ದವು. ಸಹಿಗಳು ಮೊದಲೇ ಅಲ್ಲಿದ್ದವಲ್ಲ, ಜಾಗ ಸಾಲಲಿಲ್ಲ. ಎಲ್ಲದಕ್ಕಿಂತ ಕೆಳಗೆ ‘ನನ್ನ ಸಮಕ್ಷಮ’ ಅಂತ ನನ್ನ ಸಹಿ ನಗುತ್ತಾ ಕೂತಿತ್ತು.

‘ಗೀಟು ಹಾಕ್ತೀನಿ ಅಂದಿದ್ರಲ್ಲ ಸರ್?’ ಅಂದೆ.

‘ಕೂತ್ಕೋ. ಸಮಾಧಾನವಾಗಿ ಯೋಚನೆ ಮಾಡು. ಆ ಹೆಂಗಸರ ಕೈಲಿದ್ದರೆ ಇನ್ನೂ ಇಪ್ಪತ್ತು ವರ್ಷ ಅಲ್ಲಿ ಹುಣಸೆಹಣ್ಣೇ ಕುಟ್ಟೋದು. ಟ್ರಸ್ಟಿನ ಕೈಗೆ ಬಂದರೆ ಕಂಪ್ಯೂಟರ್ ತರಬೇತಿ, ಕಂಪನಿಗಳ ನೆರವು. ಊರು ಉದ್ಧಾರ ಆಗುತ್ತೆ. ಕೇಳಿದ್ದರೆ ಒಪ್ತಿದ್ರಾ ಅವರು?’

‘ಒಪ್ಪಲ್ಲ ಅಂತ ಗೊತ್ತಿದ್ದೇ ಕೇಳಲಿಲ್ಲ, ಅಲ್ವಾ?’

‘ಟ್ರಸ್ಟಿನಲ್ಲಿ ನಿನ್ನ ಹೆಸರೂ ಸೇರಿಸಿದ್ದೀನಿ’ ಅಂದರು, ಹಬ್ಬಕ್ಕೆ ಸೀರೆ ಕೊಡುವವರ ಹಾಗೆ.

ಅಯ್ಯೋ ದೇವರೇ! ಆಗ ಬಂತು ನೋಡಿ ನನಗೆ ಸಿಟ್ಟು. ಏನೇನು ಅಂದೆನೋ ನನಗೇ ನೆನಪಿಲ್ಲ. ಉಂಡ ಮನೆಗೆ ಎರಡು ಬಗೆದವರು ಅಂದದ್ದು ನೆನಪಿದೆ. ಗುಮಾಸ್ತರು ಎದ್ದು ಹೊರಗೆ ಹೋದರು. ಸರ್ ಮಾತ್ರ ಕೂತಲ್ಲಿಂದ ಅಲುಗಲಿಲ್ಲ. ನಾನು ದಣಿದು ನಿಂತಾಗ ಮೆಲ್ಲಗೆ ಹೇಳಿದರು: ‘ಹೋಗಿ ಯಾರಿಗೆ ಬೇಕಾದರೂ ಹೇಳು. ಖಾಲಿ ಪುಟಕ್ಕೆ ಇಪ್ಪತ್ತೊಂದು ಜನರ ಸಹಿ ಹಾಕಿಸಿದ್ದು ಯಾರು ಅಂತ ಮೊದಲು ಕೇಳ್ತಾರೆ. ನಿನ್ನ ವಕೀಲಿ ಸನ್ನದು ಉಳಿಸ್ಕೋ, ಮಗಳೇ.’

ಮೋಸ ಮಾಡಿದರು, ಅದನ್ನು ಹೇಗೋ ನುಂಗಬಹುದಿತ್ತು. ಆ ಹೊತ್ತಿನಲ್ಲೂ ಮಗಳೇ ಅಂದರಲ್ಲ, ಅದು ಇವತ್ತಿಗೂ ಉರಿಯುತ್ತದೆ. ಹದಿನಾಲ್ಕು ವರ್ಷ ಆ ಒಂದು ಮಾತಿಗೆ ನಾನು ಆಫೀಸಿನ ಕಸವನ್ನೂ ಗುಡಿಸಿದ್ದೆ.

ಮರುದಿನ ಬೆಳಿಗ್ಗೆಯೇ ಹಳ್ಳಿಗೆ ಹೋದೆ. ಅಜ್ಜಿಯ ಹಿಂದಿನ ಕೋಣೆಗೆ ಬೇರೆ ಬಾಗಿಲಿತ್ತು, ಅದೊಂದು ಉಳಿದಿತ್ತು. ಹೆಂಗಸರೆಲ್ಲ ಮುಂದಿನ ಜಗಲಿಯ ಮೇಲೆ ಕೂತಿದ್ದರು. ಬಾಗಿಲಿಗೆ ಹೊಸ ಬೀಗ, ಗೋಡೆಗೆ ಹೊಸ ಬೋರ್ಡು. ನಡೆದದ್ದನ್ನೆಲ್ಲ ಹೇಳಿದೆ. ಪುಟ ಖಾಲಿ ಬಿಟ್ಟವಳು ನಾನು, ಪುಸ್ತಕ ಕೊಟ್ಟವಳು ನಾನು ಅಂತಲೂ ಹೇಳಿದೆ. ಯಾರಾದರೂ ಬೈಯಲಿ ಅಂತ ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

ಪಾವಗಡದ ಕಡೆಯಿಂದ ಆ ಊರಿಗೆ ಸೊಸೆಯಾಗಿ ಬಂದವಳೊಬ್ಬಳು ಇದ್ದಳು, ಸಂಘದಲ್ಲಿ ಅಷ್ಟೋ ಇಷ್ಟೋ ಓದಲು ಬರುತ್ತಿದ್ದವಳು ಅವಳೊಬ್ಬಳೇ, ಮಾತಿನಲ್ಲಿ ತವರಿನ ತೆಲುಗು ಬೆರೆಯುತ್ತಿತ್ತು. ‘ಏಮಮ್ಮ, ನುವ್ವೇ ಕದಾ ನಮ್ಗೆ ಗೀಟು ಎಳೀರಿ ಅಂತ ಹೇಳ್ಕೊಟ್ಟಿದ್ದು?’ ಅಂದಳು. ಅಣಕಿಸಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದಳು.

ಅಜ್ಜಿ ಎದ್ದು ಬಾಗಿಲ ಬೀಗವನ್ನು ಒಮ್ಮೆ ಜಗ್ಗಿ ನೋಡಿದಳು. ಆಮೇಲೆ, ‘ನಿಮ್ಮ ಲಾಯರಿಗೆ ನಾನು ಹುಣಸೆಹಣ್ಣಿನ ಉಂಡೆ ಕಟ್ಟಿ ಕಳುಸ್ತಿದ್ನಲ್ಲ, ತಿಂತಿದ್ನಾ?’ ಅಂದಳು.

‘ತಿಂತಿದ್ರು ಅಜ್ಜಿ.’

‘ನಿನ್ನ ಕೈಲೇ ಕಳುಸ್ತಿದ್ದೆ’ ಅಂತ ಇನ್ನೊಂದು ಮಾತು ಸೇರಿಸಿ ಹಿಂದಿನ ಕೋಣೆಗೆ ಹೋದಳು.

ಕೇಸಿನ ಕತೆಯನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಶನಿವಾರದ ಕೆಲಸಕ್ಕೆ ಸೇರಿದ್ದ ನಾಲ್ವರಲ್ಲಿ ಒಬ್ಬರಾಗಿದ್ದ ಪಾವಗಡದ ವಕೀಲರು ಫೀಸಿಲ್ಲದೆ ಸಂಘದ ಪರವಾಗಿ ದಾವೆ ಹೂಡಿದರು. ನಾನು ವಾದ ಮಾಡುವ ಹಾಗಿರಲಿಲ್ಲ, ಸಾಕ್ಷಿಯಾಗಬೇಕಿತ್ತು. ಖಾಲಿ ಪುಟಕ್ಕೆ ಸಹಿ ಹಾಕಿಸಿದ್ದು ನಾನೇ ಎಂದು ಪ್ರಮಾಣಪತ್ರ ಬರೆದುಕೊಟ್ಟೆ. ಅವತ್ತಿನಿಂದ ವಕೀಲರ ಸಂಘದ ಕೋಣೆಯಲ್ಲಿ ನಾನು ಕೂತರೆ ಪಕ್ಕದ ಕುರ್ಚಿ ಖಾಲಿ. ಗುರುದ್ರೋಹಿ ಅಂತ ನನಗೇ ಹೆಸರು ಬಿತ್ತು. ಮಾಡಿದವರು ಎದೆ ಸೆಟೆದು ಓಡಾಡುತ್ತಾರೆ, ಹೇಳಿದವಳು ತಲೆ ತಗ್ಗಿಸಬೇಕು, ಎಂಥಾ ನ್ಯಾಯ ಸ್ವಾಮಿ ಇದು! ತಡೆಯಾಜ್ಞೆ ಬಂದಿದೆ, ಬೀಗ ತೆಗೆದಿದ್ದಾರೆ, ಮಕ್ಕಳು ಒಳಗೆ ಆಡುತ್ತಿವೆ. ದಾವೆ ಇನ್ನೂ ನಡೆಯುತ್ತಿದೆ. ಮನೆ ಉಳಿಯುತ್ತದೆ ಅಂತ ಪಾವಗಡದವರು ಹೇಳುತ್ತಾರೆ. ನಾನು ಹಾಗೆಲ್ಲ ಯಾರಿಗೂ ಮಾತು ಕೊಡುವುದನ್ನು ಬಿಟ್ಟಿದ್ದೇನೆ.

ಆದರೆ ನನಗೆ ಹೇಳಬೇಕಾಗಿರುವುದು ದಾವೆ ಹೂಡುವ ಮೊದಲು ನಡೆದದ್ದು. ವಕಾಲತ್ತಿಗೆ ಅಧ್ಯಕ್ಷೆಯ ಹೆಬ್ಬೆಟ್ಟು ಬೇಕಿತ್ತು. ವಕಾಲತ್ತು ಅಂದರೆ ನಮ್ಮ ಪರವಾಗಿ ಇವರು ವಾದ ಮಾಡಲಿ ಅಂತ ಕಕ್ಷಿದಾರರು ವಕೀಲರಿಗೆ ಬರೆದುಕೊಡುವ ಕಾಗದ. ಅಚ್ಚಾದ ಫಾರಂ ಸಿಗುತ್ತದೆ. ನಾವು ವಕೀಲರು ಕೆಳಗೆ ಸಹಿ ಹಾಕಿಸಿಕೊಂಡುಬಿಡುತ್ತೇವೆ, ಕೋರ್ಟು, ನಂಬರು, ಹೆಸರು ಎಲ್ಲ ಆಮೇಲೆ ತುಂಬುತ್ತೇವೆ. ನಾಲ್ಕೂ ತಾಲ್ಲೂಕಿನಲ್ಲಿ ಎಲ್ಲರೂ ಮಾಡುವುದು ಹಾಗೆಯೇ. ಪಾವಗಡದ ವಕೀಲರು ಕೊಟ್ಟ ಫಾರಂ ಹಿಡಿದುಕೊಂಡು ನಾನು ಅಜ್ಜಿಯ ಕೋಣೆಗೆ ಹೋದೆ. ಅವಳ ಹೆಬ್ಬೆರಳು ಹುಣಸೆಯ ಹುಳಿಗೆ ಬಿರಿದುಹೋಗಿತ್ತು, ಗುರುತು ಸರಿಯಾಗಿ ಬೀಳುತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಇಂಕ್ ಪ್ಯಾಡು ತೆಗೆದೆ, ಫಾರಂ ಹರವಿದೆ. ಆಮೇಲೆ ನನ್ನ ಬಾಯಿಂದ ತಾನೇ ತಾನಾಗಿ ಮಾತು ಬಂತು:

‘ಇಲ್ಲಿ ಒತ್ತು ಅಜ್ಜಿ. ಉಳಿದಿದ್ದು ಆಮೇಲೆ ಬರ್ಕೋತೀವಿ.’

ಹೇಳಿದ ಮೇಲೆ ನನಗೇ ಕೇಳಿಸಿತು. ಅಷ್ಟೆಲ್ಲ ಆದ ಮೇಲೂ, ಅದೇ ಮಾತು, ಅದೇ ದನಿಯಲ್ಲಿ.

ಅಜ್ಜಿ ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ. ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ಜನ್ಮದಲ್ಲಿ ಒಂದಕ್ಷರ ಬರೆಯದ ಕೈ. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಫಾರಂನಲ್ಲಿ ಎಲ್ಲೆಲ್ಲಿ ಬಿಳಿ ಜಾಗ ಇತ್ತೋ ಅಲ್ಲೆಲ್ಲ ಒಂದೊಂದೇ ಗೀಟು ಎಳೆದಳು. ಹೆಸರಿನ ಜಾಗಕ್ಕೆ, ನಂಬರಿನ ಜಾಗಕ್ಕೆ, ದಿನಾಂಕದ ಜಾಗಕ್ಕೆ. ಕಾಗದ ಒಂದೆರಡು ಕಡೆ ಹರಿಯಿತು.

‘ಇನ್ನೊಂದು ತಗಂಬಾ. ಎಲ್ಲಾನೂ ಬರ್ಕಂಡು ಬಾ. ಆಮ್ಯಾಕೆ ಒತ್ತೀನಿ’ ಅಂದಳು.

ಮಧುಗಿರಿಗೆ ಹೋಗಿ ಬೇರೆ ಫಾರಂ ತಂದೆ. ಅಲ್ಲೇ ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತು ಒಂದು ಜಾಗವನ್ನೂ ಬಿಡದೆ ತುಂಬಿದೆ. ಸಂಜೆಯ ಬಸ್ಸು ಹತ್ತಿ ಮತ್ತೆ ಹಳ್ಳಿಗೆ ಬಂದೆ. ಅಜ್ಜಿಯ ಪಕ್ಕ ಕೂತು ಓದಿ ಹೇಳಲು ಶುರು ಮಾಡಿದೆ.

ಅಜ್ಜಿ ನನ್ನ ಮಂಡಿಯ ಮೇಲೆ ಕೈಯಿಟ್ಟಳು. ‘ನೀನು ಬ್ಯಾಡ ಕಣವ್ವ’ ಅಂದಳು, ತುಂಬ ಪ್ರೀತಿಯಿಂದಲೇ. ಪಾವಗಡದ ಸೊಸೆಯನ್ನು ಕೂಗಿ ಕರೆಸಿದಳು, ಕಾಗದ ಅವಳ ಕೈಗೆ ಕೊಡಿಸಿದಳು. ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿ ಮುಗಿಸುವವರೆಗೆ ನಾನು ಹೊರಗೆ ಜಗಲಿಯ ಮೇಲೆ ಕೂತಿದ್ದೆ.