ಮಂಗಳ ಹಾಡದೆ ಉಳಿದ ಆಟ

ಈ ಲೋಕದಲ್ಲಿ ಶುರುವಾದದ್ದಕ್ಕೆಲ್ಲ ಒಂದು ಕೊನೆ ಉಂಟು. ಸಾಮ್ರಾಜ್ಯಗಳಿಗೂ, ಸರ್ಕಾರಗಳಿಗೂ, ಸನ್ಮಾನ ಸಮಾರಂಭದ ಭಾಷಣಗಳಿಗೂ. ನಮ್ಮ ಡ್ರಾಮಾ ಮೇಷ್ಟ್ರ ಎಡಗೈ ಮಾತ್ರ ಈ ನಿಯಮಕ್ಕೆ ಒಳಪಟ್ಟಿರಲಿಲ್ಲ. ಮಧುಗಿರಿ ಬಸ್ಸಿಗೆ ಕಾಯುವಾಗ, ಮುದ್ದೆ ಮುರಿಯುವಾಗ, ಹೆಂಡತಿಯಿಂದ ಬೈಸಿಕೊಳ್ಳುವಾಗ ಕೂಡ ಆ ಕೈ ಗಾಳಿಯಲ್ಲಿ ಹಾರ್ಮೋನಿಯಂನ ತಿದಿ ಒತ್ತುತ್ತಲೇ ಇರುತ್ತಿತ್ತು. ಹೊಸಬರು ನರದ ಕಾಯಿಲೆಯೆಂದು ಕನಿಕರಪಡುತ್ತಿದ್ದರು. ನಾವು ಕೈಯ ವೇಗ ನೋಡಿ, ಒಳಗೆ ಯಾವ ದೃಶ್ಯ ನಡೆಯುತ್ತಿದೆಯೆಂದು ಪಂದ್ಯ ಕಟ್ಟುತ್ತಿದ್ದೆವು.

ಬಡವನಹಳ್ಳಿಯ ಅವರ ಮನೆ ಪಕ್ಕದ ತಗಡಿನ ಶೆಡ್ಡೇ ನಮ್ಮ ರಂಗಭೂಮಿ. ಕುರಿ ಕಾಯುವವರು, ಬಸ್ ಕಂಡಕ್ಟರುಗಳು, ನನ್ನಂಥ ತಾಲ್ಲೂಕು ಕಚೇರಿಯ ಗುಮಾಸ್ತರು, ಯಾರು ಹೋದರೂ ಮೇಷ್ಟ್ರು ಪೌರಾಣಿಕ ನಾಟಕಕ್ಕೆ ತಯಾರು ಮಾಡುತ್ತಿದ್ದರು. ನನ್ನ ಮುಖವನ್ನು ಒಮ್ಮೆ ನೋಡಿದವರೇ ದಾಳ ಉರುಳಿಸುವ ಕಪಟಿಯ ಪಾತ್ರ ಕೊಟ್ಟರು. ಕಾರಣ ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

"ಮೊದ್ಲು ಶ್ರುತಿ ಹಿಡಿಲಾ, ಗದೆ ಆಮೇಲೆ ಹಿಡಿಯೀವಂತೆ" ಎಂಬುದು ಅವರ ಮೊದಲ ಸಿದ್ಧಾಂತ. ಎರಡನೆಯದು ಮಂಗಳ. ಆಟ ಎಷ್ಟೇ ಕೆಟ್ಟರೂ, ಜನವೆಲ್ಲ ಎದ್ದುಹೋಗಿ ನಾಯಿಯೊಂದೇ ಉಳಿದರೂ, ಕೊನೆಗೆ ಮಂಗಳ ಹಾಡದೆ ಪರದೆ ಎಳೆಯುವಂತಿರಲಿಲ್ಲ. "ಮಂಗಳ ಆಗ್ದಿದ್ರೆ ವೇಷ ಮೈಮೇಲೇ ಉಳ್ಕಂತದೆ ಕಣ್ಲಾ. ನಾಳೆ ಹೊಲದಾಗೂ ರಾಜನಂಗೇ ಆಡ್ತೀಯ" ಎನ್ನುತ್ತಿದ್ದರು.

ಇಂಥ ಮನುಷ್ಯ ಸಂಜೆ ಪ್ರಾಕ್ಟೀಸಿಗೆ ಮುಂಚೆ ಮೊಮ್ಮಗಳ ಜೊತೆ ಕೂತು ಟಿವಿಯಲ್ಲಿ ಕಾರ್ಟೂನು ನೋಡುತ್ತಿದ್ದರು. ನೀಲಿರೆಕ್ಕೆ ಎಂಬ ಹಾರುವ ಶೂರ, ಅವನಿಗೆ ಎದುರಾಳಿ ಕಬ್ಬಿಣದ ತಲೆಯವನು. ಮಗು ನಡೆಯಲು ಕಲಿತಾಗಿನಿಂದ ಹೈಸ್ಕೂಲು ಸೇರುವ ತನಕ ಈ ಯುದ್ಧ ನಡೆದೇ ಇತ್ತು.

"ನೋಡ್ಲಾ ಎಂಟ್ರಿನ!" ಎಂದು, ಗದೆ ಹಿಡಿಯುವ ನಮ್ಮ ದೈತ್ಯ ಕುರಿಗಾಹಿಯ ತೊಡೆಗೆ ಬಾರಿಸುತ್ತಿದ್ದರು. "ಹಾಡಿಲ್ಲ, ಪದ್ಯ ಇಲ್ಲ, ಬಂದು ನಿಂತ ಅಷ್ಟೆ. ನೀನು ಬಂದ್ರೆ ಎಮ್ಮೆ ಕೊಟ್ಟಿಗೆಗೆ ಬಂದಂಗಿರ್ತದೆ."

"ಅವನ್ಗೆ ರೆಕ್ಕೆ ಅವೆ ಮೇಷ್ಟ್ರೇ, ನಂಗೆ ಕುರಿ ಅವೆ" ಎಂದು ದೈತ್ಯ ಗೊಣಗುತ್ತಿದ್ದ.

ಒಂದು ದಿನ ಮೊಮ್ಮಗಳು ಸುದ್ದಿ ತಂದಳು: ನೀಲಿರೆಕ್ಕೆ ಮುಗಿಯುತ್ತದೆ, ಶನಿವಾರ ಸಂಜೆ ಕೊನೆಯ ಕಂತು. ಪ್ರಾಕ್ಟೀಸು ರದ್ದಾಯಿತು. ಮಂಡಳಿಯೆಲ್ಲ ಟಿವಿ ಮುಂದೆ ಕೂತೆವು. ಬಿಲ್ಲು ಹಿಡಿಯುವ ಪಾತ್ರದ ಶಿರಾದ ಸಾಹೇಬರು ತಮ್ಮ ಟೈರ್ ಅಂಗಡಿ ಮುಚ್ಚಿಯೇ ಬಂದಿದ್ದರು. ನೀಲಿರೆಕ್ಕೆ ಕಬ್ಬಿಣದ ತಲೆಯವನನ್ನು ಸೋಲಿಸಿದ, ರೆಕ್ಕೆ ಕಳಚಿ ಬಂಡೆಯ ಮೇಲಿಟ್ಟ, ನಡೆದುಹೋದ. ಪರದೆ ಕಪ್ಪಾಯಿತು. ಮರುಕ್ಷಣವೇ ಬಟ್ಟೆ ಸೋಪಿನ ಜಾಹೀರಾತು.

ಮೊಮ್ಮಗಳು ದಿಂಬಿಗೆ ಮುಖ ಒತ್ತಿಕೊಂಡಳು. ಮೇಷ್ಟ್ರು ಎದ್ದು ಟಿವಿಯ ಹಿಂಬದಿಗೆ ಒಮ್ಮೆ ಇಣುಕಿದರು.

"ಮಂಗಳ ಎಲ್ಲಿ?"

"ಕಾರ್ಟೂನ್‌ಗೆಲ್ಲ ಮಂಗಳ ಇರಲ್ಲ ತಾತ."

"ಇಷ್ಟು ವರ್ಷ ಆಡ್ಸಿ, ಮಂಗಳ ಇಲ್ದಂಗೆ ಸೋಪು ಮಾರ್ತಾರಾ? ಥೂ! ಅಳಬ್ಯಾಡ ಕಣಮ್ಮ. ಅವ್ರು ಹಾಡ್ದಿದ್ರೆ ನಾವು ಹಾಡಾನ. ಮರ್ಯಾದೆಯಾಗಿ ಕಳಿಸ್ಕೊಡಾನ."

"ಜರಾ ಸಬೂರ್, ವಸಿ ತಡೀರಿ ಮೇಷ್ಟ್ರೇ," ಎಂದರು ಸಾಹೇಬರು. "ಆಟಾನೇ ಆಡ್ದೆ ಮಂಗಳ ಹೆಂಗೆ ಹಾಡೋದು?"

ಈ ಕಾನೂನು ತೊಡಕಿಗೆ ಪರಿಹಾರ ಒಂದೇ ಇತ್ತು. ಮುಂದಿನ ಭಾನುವಾರ ಮಧ್ಯಾಹ್ನ ಕೊನೆಯ ಕಂತನ್ನು ನಾವೇ ಆಡುವುದೆಂದಾಯಿತು.

ಮೊಮ್ಮಗಳು ಫೋನಿನಲ್ಲಿ ಸ್ಟೇಟಸ್ ಹಾಕಿದಳು. ಭಾನುವಾರ ನೋಡಿದರೆ ಶೆಡ್ಡಿನ ಮುಂದೆ ಕೊರಟಗೆರೆ, ಮಧುಗಿರಿಯ ಬೈಕುಗಳ ಸಾಲು. ಮೀಸೆ ಬಂದ ಅಭಿಮಾನಿಗಳು! ಒಬ್ಬ ಆಟೋ ಡ್ರೈವರು ತೋಳಿನ ಮೇಲಿನ ನೀಲಿ ರೆಕ್ಕೆಯ ಹಚ್ಚೆ ತೋರಿಸಿ, "ಇಸ್ಕೂಲ್ ಬುಟ್ಟೆ ಸಾರ್, ಇವನ್ನ ಬುಡ್ಲಿಲ್ಲ" ಎಂದು ಕಣ್ಣೊರೆಸಿಕೊಂಡ. ಪಾವಗಡದಿಂದ ಮೊಮ್ಮಕ್ಕಳೊಂದಿಗೆ ಬಂದಿದ್ದ ಅಜ್ಜಿ ನನ್ನ ಕೈ ಹಿಡಿದು ಕೇಳಿದರು: "ಅಯ್ಯೋ, ಅಯಿಪೋಯಿಂದಾ ನಾಯನಾ? ನಿಜವಾಗ್ಲೂ ಮುಗೀತಾ?" ನಾನು ಕಚೇರಿಯ ಗಾಂಭೀರ್ಯದಿಂದ, "ಇಲ್ಲಮ್ಮ, ಇನ್ನೂ ಮಂಗಳ ಆಗಿಲ್ಲ" ಎಂದೆ.

ಮೊಮ್ಮಗಳೇ ನೀಲಿರೆಕ್ಕೆ. ರೆಕ್ಕೆಗೆ, ಕೊಳಲು ಹಿಡಿಯುವ ಪಾತ್ರದ ನೀಲಿ ಶಲ್ಯ. ದೈತ್ಯನ ತಲೆಗೆ ಅಲ್ಯೂಮಿನಿಯಂ ಬೋಗುಣಿ. ನಾನು ಬಂಡೆ. ಹುಡುಗಿ ಬಂದು ನಿಂತಳು, ಹಾಡಿಲ್ಲ, ಪದ್ಯವಿಲ್ಲ. ತಗಡು ಕಿತ್ತುಹೋಗುವಂತೆ ಶಿಳ್ಳೆ! ಯುದ್ಧದಲ್ಲಿ ಬೋಗುಣಿ ಉರುಳಿ ಪಾವಗಡದ ಅಜ್ಜಿಯ ಕಾಲ ಬಳಿ ನಿಂತಿತು. ಅಜ್ಜಿ ಅದರ ಮೇಲೆ ಕಾಲಿಟ್ಟು, ಕೇಳಿದರೂ ಕೊಡಲಿಲ್ಲ. ಕೊನೆಗೆ ಹುಡುಗಿ ರೆಕ್ಕೆ ಕಳಚಿ ನನ್ನ ಬೆನ್ನ ಮೇಲಿಟ್ಟಳು.

ಮೇಷ್ಟ್ರು ಮಂಗಳಕ್ಕೆ ಶ್ರುತಿ ಹಿಡಿದರು.

"ಬ್ಯಾಡ!" ಎಂದಿತು ಒಂದು ಮಗು. ಆಮೇಲೆ ಇಡೀ ಶೆಡ್ಡು: "ಬ್ಯಾಡ! ಮಂಗಳ ಬ್ಯಾಡ!" ಆಟೋದವನ ದನಿ ಎಲ್ಲರಿಗಿಂತ ಜೋರು. ಮೇಷ್ಟ್ರು ಮೊಮ್ಮಗಳ ಕಡೆ ನೋಡಿದರು. ಅವಳು ಶಲ್ಯದ ತುದಿಯನ್ನು ಇನ್ನೂ ಬಿಟ್ಟಿರಲಿಲ್ಲ. ಆಗ, ಬಂಡೆಯಾಗಿ ಬಗ್ಗಿದ್ದಲ್ಲಿಂದಲೇ ಕಂಡೆ: ಮೇಷ್ಟ್ರ ಆ ಎಡಗೈ ನಿಂತಿತ್ತು.

"ವೇಷ ಮೈಮೇಲೇ ಉಳ್ಕಂಡ್ರೆ ಉಳ್ಕಳ್ಳಿ ಬುಡು ಪುಟ್ಟಿ," ಎಂದರು ಮೇಷ್ಟ್ರು. "ಮುಂದ್ಲ ವಾರ ಏನಾಯ್ತದೆ, ನೀನೇ ಹೇಳು."

ಶೆಡ್ಡಿನೊಳಗೆ ಎದ್ದ ಗದ್ದಲಕ್ಕೆ ಪಕ್ಕದ ಹೊಲದ ಎತ್ತುಗಳು ಹಗ್ಗ ಹರಿದುಕೊಂಡವು.

ಅಂದಿನಿಂದ ಭಾನುವಾರಗಳಲ್ಲಿ ಹೊಸ ಕಂತು. ಕಥೆ ಮೊಮ್ಮಗಳದು, ಹಾರ್ಮೋನಿಯಂ ಮೇಷ್ಟ್ರದು. ನಾನು ಬಂಡೆಯಿಂದ ಮಂತ್ರಿ ಪದವಿಗೆ ಏರಿದೆ. ಕಚೇರಿಯಲ್ಲಿ ಇಡೀ ಸೇವಾವಧಿಯಲ್ಲಿ ಸಿಗದ ಬಡ್ತಿಯನ್ನು ಕೊಟ್ಟವರು ಆ ತಾತ, ಮೊಮ್ಮಗಳು.

ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ಅವರ ದೇಹದ ಮುಂದೆ ನಾವೇ ಮಂಗಳ ಹಾಡಿದೆವು; ಸಾಹೇಬರು ಶ್ರುತಿ ಹಿಡಿದರು, ದೈತ್ಯ ತಪ್ಪಿದ. ಹಾರ್ಮೋನಿಯಂ ಈಗ ಮೊಮ್ಮಗಳ ಹತ್ತಿರ ಇದೆ. ನೀಲಿರೆಕ್ಕೆಗೆ ಈವರೆಗೆ ಮಂಗಳ ಆಗಿಲ್ಲ.